ಅತ್ತೆಯವರಿಗೆ ಜಪಾನಿ ದೆವ್ವ ತೋರಿಸಿದ್ದು

ಕಥೆ ಹೇಳುವ ಚಟ ಬೀಡಿ ಸೇದುವ ಚಟಕ್ಕಿಂತ ಕೆಟ್ಟದ್ದು. ಬೀಡಿ ಸೇದುವವನಿಗೆ ಮನೆಯವರು, 'ಹೊರಗೆ ಹೋಗಿ ಸೇದಿ ಬಾ' ಎಂದಾದರೂ ಹೇಳಬಹುದು. ಕಥೆ ಹೇಳುವವನು ಹೊರಗೆ ಹೋದರೆ ಅಲ್ಲಿ ಸಿಕ್ಕಿದವರಿಗೂ ಹೇಳಿ ಬರುತ್ತಾನೆ. ಈ ಚಟ ನನಗೆ ಅಂಟಿದ್ದು ತಾತನಿಂದ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಅವರು ನಿವೃತ್ತರಾದ ಮೇಲೆ ಮೈಸೂರಿನ ಮನೆಯ ಜಗಲಿಯಲ್ಲಿ ಕೂತು ದೆವ್ವದ ಕಥೆ ಹೇಳುತ್ತಿದ್ದರು. ಅವರ ದೆವ್ವಗಳು ರೈಲಿನ ವೇಳಾಪಟ್ಟಿಯನ್ನು ಬಿಟ್ಟು ಒಂದು ಹೆಜ್ಜೆ ಆಚೆಗಿಡುತ್ತಿರಲಿಲ್ಲ. 'ಅವತ್ತು ಅರಸೀಕೆರೆ ಪ್ಯಾಸೆಂಜರು ಹನ್ನೊಂದು ನಿಮಿಷ ಲೇಟು. ಇಲ್ಲದಿದ್ದರೆ ಆ ಹೆಂಗಸು ನನಗೆ ಕಾಣಿಸುತ್ತಲೇ ಇರಲಿಲ್ಲ' ಎಂದು ಶುರು ಮಾಡಿದರೆ ನಾವು ಮೊಮ್ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಹೆಂಗಸನ್ನು ನಂಬದಿದ್ದವರೂ ಆ ಹನ್ನೊಂದು ನಿಮಿಷವನ್ನು ನಂಬಲೇಬೇಕಾಗಿತ್ತು. ಸುಳ್ಳಿನ ಜೊತೆಗೆ ಒಂದು ಸಣ್ಣ ಲೆಕ್ಕ ಸೇರಿಸಿದರೆ ಅದು ತಾನಾಗಿ ಎದ್ದು ನಡೆಯುತ್ತದೆ ಎಂಬುದನ್ನು ನಾನು ಆ ಜಗಲಿಯ ಮೇಲೇ ಕಲಿತೆ. ಕಲಿಯದೆ ಇದ್ದಿದ್ದರೆ ಸೌತ್ ಕೆರೊಲೈನಾದ ಫೋರ್ಟ್ ಮಿಲ್‌ನ ನಮ್ಮ ಮನೆಯಲ್ಲಿ ನಾನು ಇವತ್ತು ತಲೆಯೆತ್ತಿ ಓಡಾಡಬಹುದಾಗಿತ್ತು.

ಆಗ ನಮ್ಮ ಮನೆಯಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. ನನ್ನ ಹೆಂಡತಿ ವಸುಧಾಗೆ ಕೆಲಸ ಸಿಕ್ಕಿತ್ತು. ಇದರಲ್ಲಿ ದೊಡ್ಡದೇನು ಎಂದು ಕೇಳುವವರಿಗೆ ಹೇಳಬೇಕು. ಬೆಂಗಳೂರಿನಲ್ಲಿ ನನಗಿಂತ ಒಂದು ಮೆಟ್ಟಿಲು ಮೇಲಿನ ಹುದ್ದೆಯಲ್ಲಿದ್ದವಳು ನನ್ನನ್ನು ಮದುವೆಯಾಗಿ, ನನ್ನ ವೀಸಾಕ್ಕೆ ಬಾಲಂಗೋಚಿಯಾಗಿ ಈ ದೇಶಕ್ಕೆ ಬಂದು, ಕೆಲಸ ಮಾಡುವ ಹಕ್ಕಿಲ್ಲದೆ ಎಂಟು ವರ್ಷ ಮನೆಯಲ್ಲಿ ಕೂತಿದ್ದಳು. ಕೊನೆಗೆ ಅಂಥ ಹೆಂಡತಿಯರಿಗೂ ಕೆಲಸದ ಪರವಾನಗಿ ಕೊಡುತ್ತೇವೆ ಎಂದು ಸರ್ಕಾರ ಹೇಳಿತು. ಅವಳು ಅರ್ಜಿ ಹಾಕಿ, ಎಂಟು ವರ್ಷದ ಖಾಲಿ ಜಾಗವನ್ನು ಹೇಗೋ ತುಂಬಿಸಿ ಬಯೋಡೇಟಾ ಬರೆದು, ಶಾರ್ಲಟ್ ನಗರದ ಒಂದು ಆಫೀಸಿನಲ್ಲಿ ಕೆಲಸ ಹಿಡಿದಳು. ಮೊದಲ ದಿನ ಕತ್ತಿಗೆ ಗುರುತಿನ ಚೀಟಿ ಹಾಕಿಕೊಂಡು ಬಂದವಳು ಸಂಜೆ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದನ್ನು ತೆಗೆಯಲಿಲ್ಲ.

ಒಂದೇ ತೊಡಕು, ನಮ್ಮ ಮಗಳು ಮೇಧಾ. ಏಳು ವರ್ಷದವಳು. ಅವಳ ಸ್ಕೂಲ್ ಬಸ್ಸು ಮಧ್ಯಾಹ್ನ ಎರಡು ಮುಕ್ಕಾಲಿಗೆ ಬರುತ್ತದೆ. ದೊಡ್ಡವರು ಯಾರಾದರೂ ಎದುರಿಗೆ ಬಂದು ನಿಲ್ಲದಿದ್ದರೆ ಡ್ರೈವರ್ ಮಗುವನ್ನು ಇಳಿಸುವುದಿಲ್ಲ, ವಾಪಸ್ಸು ಸ್ಕೂಲಿಗೆ ಕರೆದುಕೊಂಡು ಹೋಗುತ್ತಾನೆ. ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಕಡೆಗಳಲ್ಲಿ ಆಗಸ್ಟ್‌ವರೆಗೂ ಜಾಗವಿರಲಿಲ್ಲ. ನನ್ನ ಆಫೀಸಿನವರು ಮುಖ ತೋರಿಸದವನಿಗೆ ಕೆಲಸವಿಲ್ಲ ಎನ್ನುವ ಪೈಕಿ. ಹಾಗಾಗಿ ಮೈಸೂರಿನಿಂದ ನನ್ನ ಅತ್ತೆ ರುಕ್ಮಿಣಮ್ಮನವರು ಆರು ತಿಂಗಳ ಮಟ್ಟಿಗೆ ಬಂದರು. ಅವರು ಇದ್ದರೆ ವಸುಧಾಳ ಕೆಲಸ ಉಳಿಯಿತು, ಹೋದರೆ ಹೋಯಿತು. ಇಡೀ ಸಂಸಾರ ಅವರ ಸೊಂಟದ ಮೇಲೆ ನಿಂತಿತ್ತು. ಆ ಸೊಂಟಕ್ಕೆ ಬೆಳಿಗ್ಗೆ ಎಣ್ಣೆ ಹಚ್ಚಿಕೊಳ್ಳಲು ಒಂದು ಸ್ಟೂಲು, ಮಧ್ಯಾಹ್ನ ಒರಗಲು ಎರಡು ದಿಂಬು, ಎಲ್ಲವನ್ನೂ ನಾನೇ ಮುಂದೆ ನಿಂತು ಒದಗಿಸಿದೆ.

ಎರಡನೇ ವಾರಕ್ಕೆ ಅವರಿಗೆ ಬೇಸರ ಶುರುವಾಯಿತು. 'ಇಲ್ಲಿ ಕಿಟಕೀಲಿ ನೋಡಿದ್ರೆ ಒಂದು ನರಪಿಳ್ಳೆ ಕಾಣಿಸಲ್ವಲ್ಲಪ್ಪ, ಊರಿಗೂರೇ ಗುಳೆ ಎದ್ದು ಹೋದ ಹಾಗಿದೆ' ಎಂದರು. ಶನಿವಾರ ಬೆಳಿಗ್ಗೆ ಮಗಳ ಪುಸ್ತಕ ಹಿಂತಿರುಗಿಸಲು ಗ್ರಂಥಾಲಯಕ್ಕೆ ಹೋದವನು ಅತ್ತೆಯವರಿಗೆಂದು ಡಿವಿಡಿಗಳ ಕಪಾಟು ಹುಡುಕಿದೆ. ಅಲ್ಲೊಂದು ಜಪಾನಿ ಸಿನಿಮಾ. ಹೊರಗಿನ ಚಿತ್ರದಲ್ಲಿ ತಂದೆ, ತಾಯಿ, ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಅನ್ನ ತಿನ್ನುತ್ತಿದ್ದರು. ಆಹಾ, ಎಷ್ಟು ಒಳ್ಳೆ ಸಂಸಾರ ಅನಿಸಿತು. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಕನ್ನಡಕ ಕಾರಿನಲ್ಲಿತ್ತು.

ಅದು ಎಂಥ ಜಾತಿಯ ಸಿನಿಮಾ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಯಾರೋ ಒಂದು ಸಂಸಾರದವರು ಮನೆಯಲ್ಲಿ ಸುಮ್ಮನೆ ವಿಡಿಯೋ ತೆಗೆದುಕೊಂಡಿರುತ್ತಾರೆ. ಆಮೇಲೆ ಅವರು ಏನಾದರೋ ಗೊತ್ತಿಲ್ಲ, ಕ್ಯಾಮೆರಾ ಒಂದೇ ಸಿಕ್ಕಿದೆ, ಅದರಲ್ಲಿದ್ದದ್ದನ್ನು ಇದ್ದ ಹಾಗೇ ನಿಮಗೆ ತೋರಿಸುತ್ತಿದ್ದೇವೆ ಎನ್ನುವ ನಾಟಕ. ಒಂದು ಗಂಟೆ ಏನೂ ಆಗುವುದಿಲ್ಲ. ಅಪ್ಪ ಕ್ಯಾಮೆರಾ ಅಲ್ಲಾಡಿಸುತ್ತಾನೆ, ಅಮ್ಮ ಪಾತ್ರೆ ತೊಳೆಯುತ್ತಾಳೆ, ಮಗಳು ಹಲ್ಲು ಉಜ್ಜುತ್ತಾಳೆ. ಕೊನೆಯಲ್ಲಿ ಅದೇ ವಿಡಿಯೋವನ್ನು ನಿಧಾನವಾಗಿ ಮತ್ತೆ ಓಡಿಸುತ್ತಾರೆ. ಆಗ ಕಾಣಿಸುತ್ತದೆ: ಊಟ ಮಾಡುವಾಗ, ಪಾತ್ರೆ ತೊಳೆಯುವಾಗ, ಹಲ್ಲು ಉಜ್ಜುವಾಗ, ಪ್ರತಿ ಸಲವೂ ಹಿಂದಿನ ಮೂಲೆಯಲ್ಲಿ ಒಂದು ಮುಖ.

ಅತ್ತೆಯವರಿಗೆ ಜಪಾನಿ ಬರುವುದಿಲ್ಲ, ಕೆಳಗೆ ಓಡುವ ಇಂಗ್ಲಿಷನ್ನು ಓದುವಷ್ಟು ಬಿಡುವನ್ನು ಅದು ಕೊಡುವುದಿಲ್ಲ. 'ನೀವು ಹೇಳ್ತಾ ಹೋಗಿ, ನಾನು ಕೇಳ್ತಾ ಹೋಗ್ತೀನಿ' ಎಂದರು. ಮಧ್ಯಾಹ್ನ ಎರಡು ಗಂಟೆ. ಹೊರಗೆ ಬಿಸಿಲು. ವಸುಧಾ ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ಅತ್ತೆ ಸೋಫಾದ ಮೇಲೆ, ನಾನು ಪಕ್ಕದ ಕುರ್ಚಿಯಲ್ಲಿ ಕೂತು, ತಾತನ ಜಗಲಿಯನ್ನು ಮತ್ತೆ ಏರಿದೆ. ಪರದೆಯ ಮೇಲೆ, 'ಈ ಟೇಪು ಸಿಕ್ಕ ಸ್ಥಿತಿಯಲ್ಲೇ ಇದೆ' ಎಂಬ ಒಂದು ಸಾಲು ಬಂತು. ಅಷ್ಟನ್ನೇ ಹೇಳಿದ್ದರೆ ಸಾಕಾಗಿತ್ತು. ನಾನು, 'ಪೊಲೀಸಿನವರು ಬಂದು, ನಾಲ್ಕು ಜನ ಸಾಕ್ಷಿಗಳ ಎದುರಿಗೆ ಪಂಚನಾಮೆ ಮಾಡಿ, ರುಜು ಹಾಕಿಸಿಕೊಂಡು ತಗೊಂಡ ಟೇಪು ಅತ್ತೆ' ಎಂದೆ.

'ಅಂದ್ರೆ ನಿಜವಾಗ್ಲೂ ನಡೆದದ್ದಾ?' ಎಂದು ಅತ್ತೆ ಕಾಲು ಮೇಲೆಳೆದುಕೊಂಡರು.

ಕಥೆ ಹೇಳುವವನ ಬದುಕಿನಲ್ಲಿ ಕೇಳುವವರು ಕಾಲು ಮೇಲೆಳೆದುಕೊಳ್ಳುವುದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ನಾನು ಅಲ್ಲೇ ಕೆಟ್ಟೆ. ಪರದೆಯ ಮೇಲೆ ಒಂದು ಗಂಟೆ ಏನೂ ಆಗುತ್ತಿಲ್ಲವಲ್ಲ, ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿರಲು ಸಾಧ್ಯವೇ? ಆ ಹೆಂಗಸು ಪಾತ್ರೆ ತೊಳೆಯುತ್ತಾ, 'ಸೋಪು ಮುಗಿದಿದೆ' ಎಂದರೆ ನಾನು, 'ಅಯ್ಯೋ, ಮನೆ ಒಕ್ಕಲಿಗೆ ದೊಡ್ಡಮ್ಮನ್ನ ಕರೆಯೋದು ಮರೆತೇಹೋಯ್ತಲ್ಲ ಅಂತಿದ್ದಾಳೆ' ಎಂದು ಭಾಷಾಂತರ ಮಾಡಿದೆ. ಯಾಕೆ ಹಾಗೆ ಹೇಳಿದೆನೋ ಇವತ್ತಿಗೂ ನನಗೆ ತಿಳಿಯದು. ಅದು ನಾಲಿಗೆಗೆ ಬಂತು, ಬಂದದ್ದು ಚೆನ್ನಾಗಿತ್ತು, ಬಿಡಲಾಗಲಿಲ್ಲ. ನಮ್ಮವರಲ್ಲಿ ಗೃಹಪ್ರವೇಶಕ್ಕೆ ಕರೆಯುವುದು ಎಂದರೆ ಗಂಡ ಹೆಂಡತಿ ಇಬ್ಬರೂ ಮನೆ ಬಾಗಿಲಿಗೆ ಹೋಗಿ, ಕುಂಕುಮ ಕೊಟ್ಟು, ಅಕ್ಷತೆ ಇಟ್ಟು, 'ಎಲ್ಲರೂ ಒಂದು ದಿನ ಮುಂಚೆನೇ ಬಂದುಬಿಡಬೇಕು' ಎಂದು ಬಾಯಿಬಿಟ್ಟು ಹೇಳುವುದು. ಅಂಚೆಯಲ್ಲಿ ಕಾಗದ ಬಂದರೆ ಅದು ಸುದ್ದಿ, ಕರೆಯಲ್ಲ. ನನ್ನ ಜಪಾನಿ ದೊಡ್ಡಮ್ಮನಿಗೆ ಕಾಗದ ಮಾತ್ರ ಬಂದಿತ್ತು. ಕೊರಗಿನಲ್ಲೇ ಸತ್ತಳು. ಸತ್ತ ಮೇಲೆ ಕರೆಯದೇ ಬಂದಳು. ಕೊನೆಯಲ್ಲಿ ಆ ಮುಖ ಮೂಲೆ ಮೂಲೆಯಲ್ಲಿ ಕಾಣಿಸಿಕೊಂಡಾಗ ಅತ್ತೆಯವರು ನನ್ನ ತೋಳು ಹಿಡಿದು, 'ಸುಮ್ನೆ ಕೂತಿದ್ದಾಳಲ್ಲಪ್ಪ, ಪಾಪ, ಯಾರಾದ್ರೂ ಒಂದು ಲೋಟ ನೀರು ಬೇಕಾ ಅಂತ ಕೇಳಬಾರದಾ?' ಎಂದರು. ಸಿನಿಮಾ ಮಾಡಿದವರು ಇದನ್ನು ಕೇಳಿದ್ದರೆ ಸನ್ಯಾಸ ತೆಗೆದುಕೊಳ್ಳುತ್ತಿದ್ದರು.

ಅವತ್ತು ಸಂಜೆ ಅತ್ತೆ ಮಂಕಾಗಿದ್ದರು. ಭಾನುವಾರ ಬೆಳಿಗ್ಗೆಯೂ ತಿಂಡಿ ಸರಿಯಾಗಿ ತಿನ್ನಲಿಲ್ಲ. 'ಅಮ್ಮಂಗೆ ಏನು ತೋರಿಸಿದ್ರಿ?' ಎಂದು ವಸುಧಾ ಕೇಳಿದಳು. 'ಸಂಸಾರದ ಕಥೆ' ಎಂದೆ. ಅಮ್ಮನ ಮನಸ್ಸು ಬೇರೆ ಕಡೆಗೆ ತಿರುಗಲಿ ಎಂದು ಅವಳು ನಮ್ಮದೇ ಗೃಹಪ್ರವೇಶದ ವಿಡಿಯೋ ಹಾಕಿದಳು. ನಾಲ್ಕು ವರ್ಷದ ಹಿಂದೆ ನಾನೇ ತೆಗೆದದ್ದು, ಮೂರು ಗಂಟೆಯದ್ದು, ಇದುವರೆಗೆ ಯಾರೂ ನೋಡದೇ ಇದ್ದದ್ದು. ಅತ್ತೆಗೆ ಆಗ ಊರಿನಿಂದ ಬರಲಾಗಿರಲಿಲ್ಲ, ನೋಡಿ ಸಂತೋಷಪಡುತ್ತಾರೆ ಎಂದು ಅವಳ ಲೆಕ್ಕ. ನನ್ನ ಕೈಯಲ್ಲಿ ಕ್ಯಾಮೆರಾ ಹೇಗಿರುತ್ತದೆ ಎಂದರೆ, ಎತ್ತಿನಗಾಡಿಗೆ ಕಟ್ಟಿದ ಲಾಟೀನಿನ ಹಾಗೆ. ಒಮ್ಮೆ ಹೋಮಕುಂಡ, ಒಮ್ಮೆ ಯಾರದೋ ಮೊಣಕೈ, ಒಮ್ಮೆ ನನ್ನದೇ ಹೆಬ್ಬೆರಳು. ಐದು ನಿಮಿಷ ನೋಡಿದ ಅತ್ತೆ ಮೆಲ್ಲಗೆ, 'ಥೇಟ್ ಆ ಜಪಾನಿನವರ ಹಾಗೇ ತೆಗೆದಿದ್ದೀರಲ್ಲ' ಎಂದರು.

ಪೂರ್ಣಾಹುತಿಯ ಹೊತ್ತಿಗೆ ಹೊಗೆ ದಟ್ಟವಾಯಿತು. ನನ್ನ ಕ್ಯಾಮೆರಾ ಕೆಮ್ಮುತ್ತಾ ಮೇಲಕ್ಕೆ ತಿರುಗಿ, ಮಹಡಿ ಮೆಟ್ಟಿಲಿನ ಕಡೆಗೆ ಒಂದು ಸಲ ಬೀಸಿ ವಾಪಸ್ಸು ಬಂತು. ಎರಡು ಸೆಕೆಂಡು ಇರಬಹುದು. 'ನಿಲ್ಸಿ!' ಎಂದರು ಅತ್ತೆ. ನಿಲ್ಲಿಸಿದೆ. 'ಹಿಂದಕ್ಕೆ ಬಿಡಿ. ನಿಧಾನಕ್ಕೆ.' ಬಿಟ್ಟೆ. ಹೊಗೆಯ ನಡುವೆ, ಎತ್ತರದಲ್ಲಿ, ಬಿಳಿಚಿಕೊಂಡ ದುಂಡು ಮುಖವೊಂದು. ಸೆರಗು ಹೊದ್ದ ಹಾಗೆ ಸುತ್ತ ನೆರಿಗೆ. ಕಣ್ಣಿನ ಜಾಗದಲ್ಲಿ ಎರಡು ಗುಳಿ. ಅಷ್ಟೇ ಆಗಿದ್ದರೆ ಹೊಗೆ ಎಂದು ಸುಮ್ಮನಾಗಬಹುದಿತ್ತು. ಆದರೆ ಆ ಮುಖ ಉಸಿರಾಡುತ್ತಿತ್ತು. ಕೆನ್ನೆ ಉಬ್ಬಿತು, ಒಳಕ್ಕೆ ಹೋಯಿತು, ಮತ್ತೆ ಉಬ್ಬಿತು. ಮೇಧಾ, 'ಓ ಮೈ ಗಾಡ್, ಅಜ್ಜಿ, ಸೋ ಕ್ರೀಪಿ!' ಎಂದು ಖುಷಿಯಿಂದ ಚಪ್ಪಾಳೆ ತಟ್ಟಿದಳು. ಅತ್ತೆಯವರ ಕೈ ತಾನಾಗಿ ತಾಳಿಯ ಮೇಲೆ ಹೋಯಿತು. 'ಪದ್ದತ್ತೆ!' ಎಂದರು. 'ಅದೇ ಉಬ್ಬಸ.'

ಪದ್ದತ್ತೆ ಎಂದರೆ ಅತ್ತೆಯವರ ಸೋದರತ್ತೆ. ಪದ್ಮಾವತಮ್ಮ. ಅವರು ತೀರಿಕೊಂಡರೆ ನಮಗೆ ಸೂತಕ ಬರುವಷ್ಟು ಹತ್ತಿರದವರಲ್ಲ, ಕರೆಯದಿದ್ದರೆ ಬೇಸರ ಮಾಡಿಕೊಳ್ಳದಿರುವಷ್ಟು ದೂರದವರೂ ಅಲ್ಲ. ಉಬ್ಬಸದ ಮನುಷ್ಯೆ. ನಮ್ಮ ಗೃಹಪ್ರವೇಶಕ್ಕೆ ಹತ್ತು ದಿನ ಮುಂಚೆ ಹೋಗಿಬಿಟ್ಟಿದ್ದರು. ಹೋಗುವ ಹಿಂದಿನ ವಾರ, 'ವಸು ಮನೆ ಒಕ್ಕಲಂತೆ, ನನಗೊಂದು ಮಾತು ಹೇಳಲಿಲ್ಲ' ಎಂದು ಕೊರಗಿದ್ದರಂತೆ. ನಾವು ಎಲ್ಲರಿಗೂ ಒಂದೇ ಈಮೇಲ್ ಕಳಿಸಿ ಕೈ ತೊಳೆದುಕೊಂಡಿದ್ದೆವು. ಪದ್ದತ್ತೆಗೆ ಈಮೇಲ್ ಇರಲಿಲ್ಲ. ಫೋನು ಮಾಡೋಣ ಮಾಡೋಣ ಎಂದು ಆಗಿರಲಿಲ್ಲ. ಅವರು ಹಾಗೆ ಕೊರಗಿದ್ದು ನನಗೆ ಹೇಗೆ ಗೊತ್ತಾಗಬೇಕು? ಭೂಗೋಳದಲ್ಲಿರುವ ಅಷ್ಟೂ ಸುಳ್ಳುಗಳಲ್ಲಿ ನಾನು ಆ ಶನಿವಾರ ಆರಿಸಿ ಹೇಳಿದ್ದು ಈ ಮನೆಯಲ್ಲಿ ನಿಜವಾಗಿದ್ದ ಒಂದನ್ನೇ.

ಸೋಮವಾರ ಅತ್ತೆ ಮನೆಯೊಳಗೆ ಒಬ್ಬರೇ ಇರುವುದಿಲ್ಲ ಎಂದರು. ಇರಲಿಲ್ಲ ಕೂಡ. ನಾವು ಕೆಲಸಕ್ಕೆ ಹೊರಟ ಕೂಡಲೇ ಗ್ಯಾರೇಜಿನ ದೊಡ್ಡ ಬಾಗಿಲನ್ನು ಪೂರ್ತಿ ಎತ್ತಿಸಿಕೊಂಡು, ಅಲ್ಲಿ ಒಂದು ಮಡಿಸುವ ಕುರ್ಚಿ, ಊರಿನಿಂದ ತಂದ ಈಳಿಗೆಮಣೆ, ಹುರುಳಿಕಾಯಿ, ಎರಡು ಸ್ಟೀಲ್ ಡಬ್ಬಿ, ವಿಷ್ಣು ಸಹಸ್ರನಾಮದ ಪುಸ್ತಕ ಎಲ್ಲ ಹರಡಿಕೊಂಡು, ಎರಡು ಮುಕ್ಕಾಲಿನ ಬಸ್ಸು ಬರುವವರೆಗೆ ಕೂತರು. ಈ ಊರಿನಲ್ಲಿ ಗ್ಯಾರೇಜಿನ ಬಾಗಿಲು ತೆಗೆದು ಸಾಮಾನು ಹರಡಿ ಕೂತರೆ ಅದಕ್ಕೆ ಒಂದೇ ಅರ್ಥ. ಮನೆಯ ಹಳೇ ಸಾಮಾನು ಮಾರಾಟಕ್ಕಿದೆ ಎಂದು. ಹತ್ತು ಗಂಟೆಗೆ ಮೊದಲ ಕಾರು ನಿಂತಿತು. ಮಧ್ಯಾಹ್ನದೊಳಗೆ ಐದು. ಬುಧವಾರ ಒಬ್ಬ ಅಜ್ಜಿ ಈಳಿಗೆಮಣೆಯನ್ನು ಎತ್ತಿ, ತಿರುಗಿಸಿ, ಇದನ್ನು ಗೋಡೆಗೆ ನೇತುಹಾಕಬಹುದೇ ಎಂದು ಕೇಳಿದಳಂತೆ. ಅತ್ತೆಯವರು ತಮಗೆ ಬರುವ ಇಂಗ್ಲಿಷಿನಲ್ಲಿ, 'ನೋ ಸೇಲ್. ಇನ್‌ಸೈಡ್ ಮೈ ಆಂಟಿ. ಡೆಡ್' ಎಂದರಂತೆ. ಆಕೆ ಅತ್ತೆಯವರ ಕೈ ಹಿಡಿದು ಕಣ್ಣೀರು ಹಾಕಿ ಹೋಗಿದ್ದಾಳೆ. ಗುರುವಾರ ಬೀದಿಯವರಲ್ಲಿ ಮೂವರು ನಮ್ಮ ಬಾಗಿಲಲ್ಲಿ ಕೇಕು ಇಟ್ಟು ಹೋಗಿದ್ದರು. ಮನೆಯೊಳಗೆ ಹೆಣ ಇನ್ನೂ ಇದೆಯೋ ಸಾಗಿಸಿ ಆಯಿತೋ ಎಂಬ ಪ್ರಶ್ನೆ ಆ ಬೀದಿಯಲ್ಲಿ ಎಷ್ಟು ದಿನ ಓಡಾಡಿತೋ ನಾನು ಕೇಳಲು ಹೋಗಲಿಲ್ಲ.

ಶುಕ್ರವಾರ ಸಂಜೆ ಅತ್ತೆ, 'ಟಿಕೆಟ್ ಬದಲಾಯಿಸಿಬಿಡಿ. ನಾನು ಈ ತಿಂಗಳ ಕೊನೆಗೆ ಹೊರಡ್ತೀನಿ' ಎಂದರು.

ನಾನು ಮಹಡಿಗೆ ಹೋಗಿ ಮೂಲೆ ಮೂಲೆ ಹುಡುಕಿ ಬಂದಿದ್ದೆ. ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲ ಕಡೆ. ನೆಲ ನೋಡಿದೆ, ಗೋಡೆ ನೋಡಿದೆ. ಅಮೆರಿಕದ ಮನೆಗಳಲ್ಲಿ ತಲೆಯೆತ್ತಿ ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ. ಊರಲ್ಲಾದರೆ ಫ್ಯಾನು ತಿರುಗುತ್ತಿದೆಯೋ ಎಂದು ದಿನಕ್ಕೆ ಹತ್ತು ಸಲ ಸೂರು ನೋಡುತ್ತೇವೆ. ಇಲ್ಲಿ ಗಾಳಿ ಎಲ್ಲಿಂದಲೋ ಬರುತ್ತದೆ, ಬಂದರೆ ಸಾಕು. 'ಅಲ್ಲಿ ಏನೂ ಇಲ್ಲ ಅತ್ತೆ' ಎಂದೆ. 'ನಿಮಗೆ ಹೇಗೆ ಕಾಣಿಸ್ತಾಳೆ? ಅವಳ ಕೋಪ ಇರೋದೇ ನಿಮ್ಮ ಮೇಲೆ' ಎಂದರು.

'ಅದು ಸಿನಿಮಾದಲ್ಲಿ ಇರಲೇ ಇಲ್ಲ. ಕರೆಯೋ ವಿಷಯ ನಾನೇ ಸೇರಿಸಿ ಹೇಳಿದ್ದು' ಎಂದು ಒಪ್ಪಿಕೊಂಡೆ.

ಅತ್ತೆ ವಸುಧಾ ಕಡೆಗೆ ತಿರುಗಿ, 'ನೋಡಿದ್ಯಾ? ಯಾರೂ ಹೇಳದೇ ಇವರ ಬಾಯಲ್ಲಿ ಯಾಕೆ ಬಂತು ಅದು? ಅವಳೇ ಆಡಿಸಿದ್ದು' ಎಂದರು.

ವಸುಧಾ ಅಡುಗೆಮನೆಗೆ ಹೋಗಿ ನೆನೆಸಿದ ಅಕ್ಕಿಯನ್ನು ಸುಮ್ಮನೆ ತೊಳೆಯುತ್ತಾ ನಿಂತಳು. ಅವಳ ಹಿಂದೆ ಹೋಗಿ, 'ಒಂದಿಷ್ಟು ದಿನ ರಜಾ ಸಿಗುತ್ತಾ ಕೇಳಿ ನೋಡು' ಎಂದೆ. ಎಂಥ ಹೊತ್ತಿನಲ್ಲಿ ಎಂಥ ಮಾತು ಆಡಬೇಕು ಎಂಬುದನ್ನು ತಾತ ನನಗೆ ಕಲಿಸಿರಲಿಲ್ಲ. 'ಸೇರಿ ಇನ್ನೂ ಮೂರು ವಾರ ರೀ' ಎಂದಳು. ಆಮೇಲೆ, ತಿರುಗದೆಯೇ, 'ನಾಲ್ಕು ವರ್ಷ ಇಡೀ ದಿನ ಈ ಮನೇಲಿ ನಾನೊಬ್ಬಳೇ ಕೂತಿದ್ದೆ. ಪದ್ದಜ್ಜಿನೋ ಮತ್ತೊಬ್ಬರೋ, ಒಂದು ದೆವ್ವ ಬಂದು, ಏನೇ ವಸು, ಊಟ ಆಯ್ತಾ ಅಂತ ಕೇಳಿದ್ರೂ ನಾನು ಕಾಫಿ ಮಾಡಿಕೊಟ್ಟು ಕೂರಿಸ್ಕೋತಿದ್ದೆ. ಯಾರೂ ಬರ್ಲಿಲ್ಲ. ಈಗ ನಾನು ಹೊರಗೆ ಕಾಲಿಟ್ಟ ಮೇಲೆ ಬಂದಿದ್ದಾರಂತೆ' ಎಂದಳು.

ನಾನು ಅವಳ ಕೈಯಿಂದ ಅಕ್ಕಿಯ ಪಾತ್ರೆ ತೆಗೆದುಕೊಂಡು ನೀರು ಬಸಿದೆ.

ಕೊನೆಗೆ ಅತ್ತೆಯವರೇ ಒಂದು ದಾರಿ ಹೇಳಿದರು. ಒಂದು ಶಾಂತಿ ಹೋಮ ಮಾಡಿಸಿ, ಪದ್ದತ್ತೆಯ ಹೆಸರಿನಲ್ಲಿ ಒಬ್ಬ ಮುತ್ತೈದೆಗೆ ಕುಂಕುಮ ಕೊಟ್ಟು, ತಪ್ಪಾಯಿತು ಎಂದು ಕೇಳಿಕೊಂಡರೆ ಅವಳು ಹೋದರೂ ಹೋಗಬಹುದು. ಹೋದರೆ ತಾವು ಉಳಿಯುವ ವಿಚಾರ ಯೋಚಿಸುತ್ತಾರಂತೆ. ನಮ್ಮ ಗೃಹಪ್ರವೇಶ ಮಾಡಿಸಿದ ಭಟ್ಟರಿಗೇ ಫೋನು ಮಾಡಿದೆ. ಅವರು ವಾರದಲ್ಲಿ ಐದು ದಿನ ಒಂದು ಕಂಪನಿಯ ಡೇಟಾಬೇಸ್ ಕಾಯುತ್ತಾರೆ, ಎರಡು ದಿನ ನಮ್ಮಂಥವರನ್ನು. ಎಲ್ಲ ಕೇಳಿಕೊಂಡು, 'ಆಗ್ಲಿ, ಈ ಶನಿವಾರದ ನಂತರದ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ. ತುಪ್ಪ, ಸಮಿತ್ತು ನಾನೇ ತರ್ತೀನಿ. ನೀವು ಸ್ಮೋಕ್ ಅಲಾರಂ ಎಲ್ಲ ಕವರ್ ಮಾಡಿಟ್ಟಿರಿ. ಇಲ್ದಿದ್ರೆ ಪೂರ್ಣಾಹುತಿ ಹೊತ್ತಿಗೆ ಅದು ಕಿರುಚಿಕೊಳ್ಳುತ್ತೆ, ಮಂತ್ರ ಕೇಳ್ಸೋದೇ ಇಲ್ಲ. ಹೋಟೆಲಿನಲ್ಲಿ ಸ್ನಾನಕ್ಕೆ ಕೊಡ್ತಾರಲ್ಲ ಪ್ಲಾಸ್ಟಿಕ್ ಟೋಪಿ, ಅದು ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತೆ' ಎಂದರು. ಈ ದೇಶದಲ್ಲಿ ಹೋಮ ಮಾಡಿಸಿದವರಿಗೆಲ್ಲ ಇದು ಗೊತ್ತಿರುವ ವಿದ್ಯೆ. ಹೊಗೆ ಎದ್ದರೆ ಬೆಂಕಿ ಬಿತ್ತೆಂದು ಅರಚಿಕೊಳ್ಳಲು ಸೂರಿಗೆ ಅಂಟಿಸಿದ ಆ ಬಿಳಿ ಬಿಲ್ಲೆಗಳ ಮೂತಿಗೆ ಟೋಪಿ ಹಾಕುವುದು, ಅಗ್ನಿದೇವನನ್ನು ಕರೆಯುವುದು, ಅಗ್ನಿಶಾಮಕ ದಳದವರು ಬಾರದಂತೆ ನೋಡಿಕೊಳ್ಳುವುದು.

ಆ ಶನಿವಾರ ಬೆಳಿಗ್ಗೆ ಭಟ್ಟರು ಕೆಳಗೆ ಇಟ್ಟಿಗೆ ಜೋಡಿಸುತ್ತಿದ್ದರು. ಅತ್ತೆ ಪಟ್ಟೆ ಸೀರೆ ಉಟ್ಟು ಬಾಗಿಲ ಹತ್ತಿರ, ಬೇಕಾದರೆ ಓಡಿಹೋಗಲು ಅನುಕೂಲವಾಗುವಂತೆ ಕೂತಿದ್ದರು. ಕೆಳಗಿನ ಎರಡು ಬಿಲ್ಲೆಗೆ ಟೋಪಿ ಹಾಕಿ, ಮೂರನೆಯ ಟೋಪಿ ಹಿಡಿದು, ಮಹಡಿ ಮೆಟ್ಟಿಲಿನ ಮೇಲಿನ ಎತ್ತರದ ಸೂರಿಗೆ ಏಣಿ ಒರಗಿಸಿ ಹತ್ತಿದೆ. ವಸುಧಾ ಕೆಳಗೆ ಏಣಿ ಹಿಡಿದಿದ್ದಳು. ಆರನೇ ಮೆಟ್ಟಿಲಿನಲ್ಲಿ ಮುಖ ಎತ್ತಿದೆ.

ಅಲ್ಲಿ ಟೋಪಿ ಆಗಲೇ ಇತ್ತು.

ಬಿಳಿ ಸೂರಿನ ಮೇಲಿನ ಬಿಳಿ ಬಿಲ್ಲೆಗೆ ಬಿಳಿ ಟೋಪಿ. ನಾಲ್ಕು ವರ್ಷದ ಧೂಳು ಕೂತು ಕಣ್ಣು ಮೂಗು ಎಲ್ಲ ಮೂಡಿತ್ತು. ಗೃಹಪ್ರವೇಶದ ದಿನ ಇದೇ ಏಣಿ ಹತ್ತಿ ನಾನೇ ಹಾಕಿದ್ದು. ತೆಗೆಯಬೇಕಾದವನೂ ನಾನೇ. ಅವತ್ತು ಪ್ರಸಾದ ತಿಂದು ಮಲಗಿದವನು ಎದ್ದಿದ್ದು ಸಂಜೆಗೆ. ಪಕ್ಕದಲ್ಲೇ ಏಸಿಯ ಗಾಳಿ ಬರುವ ಕಿಂಡಿ. ನಾನು ನೋಡುತ್ತಿದ್ದ ಹಾಗೇ ಏಸಿ ಶುರುವಾಯಿತು. ಪದ್ದತ್ತೆ ಕೆನ್ನೆ ಉಬ್ಬಿಸಿ ನನ್ನ ಮುಖಕ್ಕೇ ಉಸಿರು ಬಿಟ್ಟರು.

ಇಲ್ಲಿ ನಾನು ಸತ್ಯವಂತನ ಹಾಗೆ ಎಲ್ಲವನ್ನೂ ಒಪ್ಪಿಕೊಂಡೆ ಎಂದು ಬರೆಯಲು ಆಸೆ. ನಿಜವಾಗಿ ನನಗೆ ಆ ಕ್ಷಣ ಬಂದ ಯೋಚನೆಯೇ ಬೇರೆ. ಇದನ್ನು ಮೆತ್ತಗೆ ಕಿತ್ತು ಪಂಚೆಗೆ ಸಿಕ್ಕಿಸಿ, ಹೊಸ ಟೋಪಿ ಹಾಕಿ ಇಳಿಯುವುದು. ಹೋಮ ನಡೆಯುತ್ತದೆ. ಆಮೇಲೆ ಹೊಸ ಟೋಪಿ ತೆಗೆದು ಹೊಸ ವಿಡಿಯೋ ತೋರಿಸುವುದು. ಮುಖ ಮಾಯ! ಅತ್ತೆ ಉಳಿಯುತ್ತಾರೆ, ವಸುಧಾಳ ಕೆಲಸ ಉಳಿಯುತ್ತದೆ, ಭಟ್ಟರ ಕೀರ್ತಿ ಜಾರ್ಜಿಯಾದವರೆಗೂ ಹಬ್ಬುತ್ತದೆ. ಎಷ್ಟು ಚೆನ್ನಾದ ಕಥೆ! ಕೈ ಚಾಚಿದೆ.

'ರೀ,' ಎಂದಳು ವಸುಧಾ ಕೆಳಗಿನಿಂದ. 'ಅದರ ಮೇಲೆ ಆಗ್ಲೇ ಒಂದು ಇದೆಯಲ್ಲ?'

ನಾನು ಇಳಿದೆ. ಅವಳು ಹತ್ತಿದಳು. ಟೋಪಿಯನ್ನು ಕಿತ್ತು ನನ್ನ ಕೈಗೆ ಹಾಕಿದಳು. ಆಮೇಲೆ ಪರೀಕ್ಷೆಯ ಗುಂಡಿ ಒತ್ತಿದಳು. ಶಬ್ದ ಬರಲಿಲ್ಲ. ಮತ್ತೆ ಒತ್ತಿದಳು. ಮುಚ್ಚಳ ತಿರುಗಿಸಿ ನೋಡಿ, 'ಬ್ಯಾಟರಿ ಎಲ್ಲಿ?' ಎಂದಳು. ಗೃಹಪ್ರವೇಶದ ದಿನ, ಟೋಪಿಯೊಂದೇ ಸಾಲದೇನೋ ಎಂದು ನನ್ನ ಎಂಜಿನಿಯರ್ ಬುದ್ಧಿ ಬ್ಯಾಟರಿಯನ್ನೂ ತೆಗೆಸಿತ್ತು. ಅದು ಅಡುಗೆಮನೆಯ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡುಗಳ ಜೊತೆ ಬಿದ್ದಿರುವುದು ನನಗೆ ತಕ್ಷಣ ನೆನಪಾಯಿತು. ಇದು ಯಾವುದರ ಬ್ಯಾಟರಿ ಎಂದು ನಾನೇ ಎಷ್ಟೋ ಸಲ ಕೈಯಲ್ಲಿ ಹಿಡಿದು ಯೋಚಿಸಿದ್ದೆ. ವಸುಧಾ ಏಣಿಯ ಮೇಲೆಯೇ ನಿಂತು, ಎರಡು ಹೆಜ್ಜೆ ಆಚೆಗಿದ್ದ ಬಾಗಿಲನ್ನು ನೋಡಿದಳು. ಅದರ ಮೇಲೆ ಕಾಗದದ ಚಿಟ್ಟೆಗಳು. 'ಮೇಧಾ ರೂಮು' ಎಂದಳು. ಅಷ್ಟೇ. ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡಬಹುದಾಗಿತ್ತು. ನಾಲ್ಕು ವರ್ಷ, ಪ್ರತಿದಿನ, ಆ ಬಾಗಿಲ ಹಿಂದೆ ಮಗು ಮಲಗಿತ್ತು. ಈ ಮನೆಯಲ್ಲಿ ಹೆದರಬೇಕಾದದ್ದು ಏನಾದರೂ ಇದ್ದಿದ್ದರೆ ಅದು ಇದೊಂದೇ. ಅದಕ್ಕೆ ಮಾತ್ರ ನಾವು ಯಾರೂ ಹೆದರಿರಲಿಲ್ಲ.

'ಏನಾಯ್ತು?' ಎಂದು ಅತ್ತೆ ಕೆಳಗಿನಿಂದ ಕೂಗಿದರು. ನಾನು ಟೋಪಿ ಹಿಡಿದು ಮಹಡಿಯಿಂದ ಇಳಿದು, ಅವರ ಮುಂದೆ ನಿಂತು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಜೀವಮಾನದಲ್ಲಿ ಒಂದು ಸಂಗತಿಯನ್ನು ಏನೂ ಸೇರಿಸದೆ ಹೇಳಿದ್ದು ಅದೇ ಮೊದಲು. ಎಷ್ಟು ಕೆಟ್ಟದಾಗಿ ಹೇಳಿದೆ ಎಂದರೆ ಅತ್ತೆ ಎರಡು ಸಲ ನಡುವೆ ತಡೆದು, 'ಇರಿ, ಟೋಪಿ ಯಾರು ಹಾಕಿದ್ದು?' ಎಂದು ಕೇಳಬೇಕಾಯಿತು. ನಂಬಲಿಲ್ಲ. ಟೋಪಿಯನ್ನು ಮತ್ತೆ ಮೇಲೆ ಸಿಕ್ಕಿಸಿ, ಏಸಿ ಹಾಕಿ, ಅವರನ್ನು ಮೆಟ್ಟಿಲ ಕೆಳಗೆ ಕರೆತಂದು ತೋರಿಸಬೇಕಾಯಿತು. ಉಬ್ಬಿತು. ಇಳಿಯಿತು. ಉಬ್ಬಿತು. ಅತ್ತೆ ಬಹಳ ಹೊತ್ತು ತಲೆಯೆತ್ತಿ ನೋಡುತ್ತಾ ನಿಂತರು. ಅವರ ಮುಖದಲ್ಲಿ ಸಮಾಧಾನ ಕಾಣಿಸುತ್ತದೆ ಎಂದುಕೊಂಡಿದ್ದೆ. ಕಂಡದ್ದು ಬೇರೆ ಏನೋ, ಬಂದ ನೆಂಟರು ಹೇಳದೆ ಹೊರಟುಹೋದ ಹಾಗೆ.

ಭಟ್ಟರು ಇಟ್ಟಿಗೆಯ ಮುಂದೆ ಕೂತಲ್ಲಿಂದಲೇ, 'ನಾನು ಎಲ್ಲರ ಮನೆಯಲ್ಲೂ ಹಾಕಿ ಅಂತ ಹೇಳ್ತೀನಿ, ತೆಗೀರಿ ಅಂತಾನೂ ಹೇಳ್ತೀನಿ. ಹಾಕೋದು ಮಾತ್ರ ಎಲ್ಲರಿಗೂ ಕೇಳ್ಸುತ್ತೆ' ಎಂದರು. ಆಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, 'ಹೋದ ವರ್ಷದಿಂದ ಎಷ್ಟು ಗೃಹಪ್ರವೇಶ ಮಾಡಿಸಿದ್ದೀನೋ...' ಎನ್ನುತ್ತಾ ಎದ್ದು ಫೋನು ಹಿಡಿದು ಹೊರಗೆ ಹೋದರು. ಅರ್ಧ ಗಂಟೆ ಅವರು ಶಾರ್ಲಟ್ಟಿನ ಒಂದೊಂದೇ ಮನೆಗೆ ಫೋನು ಮಾಡಿ, 'ಒಂದ್ಸಲ ತಲೆ ಎತ್ತಿ ನೋಡಿ' ಎನ್ನುತ್ತಿದ್ದುದು ಒಳಗೆ ಕೇಳಿಸುತ್ತಿತ್ತು.

ದೆವ್ವ ಇಲ್ಲವೆಂದಾಯಿತು. ಇನ್ನು ಅತ್ತೆ ಹೋಗಲು ಕಾರಣವಿಲ್ಲ ಎಂದು ನಾನು ಮನಸ್ಸಿನಲ್ಲೇ ಎದೆ ಉಬ್ಬಿಸಿದೆ. 'ಹಾಗಾದ್ರೆ ಟಿಕೆಟ್ ಬದಲಾಯಿಸೋದು ಬೇಡ ಅಲ್ವಾ ಅತ್ತೆ?' ಎಂದೆ.

'ಬದಲಾಯಿಸಿ' ಎಂದರು ಅತ್ತೆ. ವಸುಧಾ ಡ್ರಾಯರಿನಿಂದ ಹುಡುಕಿ ತಂದಿದ್ದ ಬ್ಯಾಟರಿ ಹಿಡಿದುಕೊಂಡೇ ತಿರುಗಿದಳು. 'ಆರು ತಿಂಗಳು ಸಾಲಲ್ಲ. ಮುಂದಕ್ಕೆ ಹಾಕ್ಸಿ. ಇನ್ನಾರು ತಿಂಗಳು ಕೊಡ್ತಾರಂತಲ್ಲ, ಕೇಳಿ. ಪದ್ದತ್ತೆ ಆಗಿದ್ದಿದ್ರೆ ನಾನು ನಿಶ್ಚಿಂತೆಯಾಗಿ ಹೊರಟುಬಿಡ್ತಿದ್ದೆ ಕಣೇ ವಸು. ಎಷ್ಟೇ ಕೋಪ ಇದ್ರೂ ಅವಳು ಮಕ್ಕಳು ಅಂದ್ರೆ ಜೀವ ಬಿಡೋಳು, ಮೇಲೆ ಕೂತು ಮಗೂನ ನೋಡ್ಕೋತಾಳೆ ಅಂತ ಅಂದ್ಕೋತಿದ್ದೆ. ಈಗ ಇಲ್ಲಿ ಯಾರಿದ್ದಾರೆ? ಇವರೊಬ್ಬರು.'

ಹೀಗೆ ದೆವ್ವಕ್ಕೆ ಹೆದರಿ ಹೊರಟಿದ್ದವರು ನನಗೆ ಹೆದರಿ ಉಳಿದುಕೊಂಡರು. ವಸುಧಾ ಕೆಲಸಕ್ಕೆ ಹೋಗುತ್ತಿದ್ದಾಳೆ, ಮೊನ್ನೆ ಅವಳನ್ನು ಕಾಯಂ ಮಾಡಿದರು. ಗ್ಯಾರೇಜಿನ ಬಾಗಿಲು ಮುಚ್ಚಿದೆ. ಅತ್ತೆ ಮನೆಯೊಳಗೆ ಧೈರ್ಯವಾಗಿ ಒಬ್ಬರೇ ಓಡಾಡುತ್ತಾರೆ. ನಾನು ಮನೆಯಲ್ಲಿರುವಾಗ ಮಾತ್ರ ಸ್ವಲ್ಪ ಎಚ್ಚರ. ನಾನು ಒಲೆ ಹಚ್ಚಿದರೆ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ, ಇಳಿಸಿ ಆದ ಮೇಲೆ ಒಲೆ ಆರಿಸಿದ್ದೇನೆ ಎಂದರೂ ಇನ್ನೊಮ್ಮೆ ತಾವೇ ನೋಡುತ್ತಾರೆ. ಮೈಸೂರಿನ ತಂಗಿಗೆ ಫೋನಿನಲ್ಲಿ ಇಡೀ ವೃತ್ತಾಂತ ಹೇಳುತ್ತಿದ್ದುದನ್ನು ಹೋದ ಭಾನುವಾರ ಪಕ್ಕದ ಕೋಣೆಯಿಂದ ಕೇಳಿಸಿಕೊಂಡೆ. ಚೆನ್ನಾಗಿ ಹೇಳುತ್ತಾರೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲ ತಿಳಿದವರು. ಅವರ ಕಥೆಯಲ್ಲಿ ಜಪಾನಿನವರಿಲ್ಲ, ಪದ್ದತ್ತೆ ಇಲ್ಲ, ಟೋಪಿ ಕೂಡ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಆ ಕಡೆಯಿಂದ ತಂಗಿ ಹೆದರಿ ಏನೋ ಕೇಳಿದರು. 'ಇಲ್ಲ ಕಣೇ,' ಎಂದರು ಅತ್ತೆ ದನಿ ತಗ್ಗಿಸಿ, 'ನೋಡೋದಕ್ಕೆ ನಮ್ಮ ನಿಮ್ಮ ಹಾಗೇ ಇದ್ದಾರೆ. ಪಕ್ಕದ ರೂಮಲ್ಲೇ ಕೂತಿದ್ದಾರೆ.'